ಕೈಕಾಲು ಕಟ್ಟಿ ಹಾಕಿದ ಹಾಗಾಯ್ತು: ಕಾಲೇಜಿನ ಒಂದು ವಿಚಾರಣೆಯ ಪ್ರಕರಣ ಅಧ್ಯಯನ

ವಿಚಾರಣೆಯ ಮೊದಲ ದಿನ ಆ ಹುಡುಗಿ ಹೇಳಿದ ಮಾತು ಕನ್ನಡದಲ್ಲಿತ್ತು: "ಕೈಕಾಲು ಕಟ್ಟಿ ಹಾಕಿದ ಹಾಗಾಯ್ತು ಮೇಡಂ, ಬಾಯೇ ಬರಲಿಲ್ಲ." ಲೈಂಗಿಕ ಕಿರುಕುಳದ ದೂರು ವಿಚಾರಿಸುತ್ತಿದ್ದ ಕಾಲೇಜು ಸಮಿತಿಯ ನಡಾವಳಿ ಇಂಗ್ಲಿಷಿನಲ್ಲಿ ಟೈಪಾಗುತ್ತಿತ್ತು. ಅಲ್ಲಿ ದಾಖಲಾದದ್ದು, ಆಕೆಯ ಕೈಕಾಲುಗಳನ್ನು ಕಟ್ಟಿಹಾಕಲಾಗಿತ್ತು ಎಂದು. ಆ ಹೇಳಿಕೆಯ ಪ್ರತಿ ಕೈಸೇರಿದ ಮೇಲೆ ಪ್ರತಿವಾದಿ, ಅಂದರೆ ಅವಳು ಯಾರ ಮೇಲೆ ದೂರು ಕೊಟ್ಟಿದ್ದಳೋ ಅವನು, ಅದೊಂದೇ ವಾಕ್ಯ ಹಿಡಿದುಕೊಂಡ. ಕಟ್ಟಿದ್ದಾದರೆ ಹಗ್ಗ ಯಾವುದು, ಕೈಮೇಲೆ ಗುರುತು ಎಲ್ಲಿ, ಲಿಖಿತ ದೂರಿನಲ್ಲಿ ಈ ಮಾತು ಏಕಿಲ್ಲ ಎಂದು ಬರೆದುಕೊಟ್ಟ. ಸಮಿತಿಯ ಇಬ್ಬರು ಸದಸ್ಯರಿಗೆ ಅದು ಸರಿಯಾದ ಪ್ರಶ್ನೆಯಂತೆಯೇ ಕಂಡಿತು.

ನಾನು ಆ ಸಮಿತಿಯ ಹೊರಗಿನ ಸದಸ್ಯೆ. ಟೈಪಾದ ಹಾಳೆಯ ಕೆಳಗೆ ಸಹಿ ಹಾಕಿದವರಲ್ಲಿ ನಾನೂ ಇದ್ದೆ. ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯಲು ಅದೇ ಕಾರಣ.

ಗೋಪ್ಯತೆಯ ಬಗ್ಗೆ ಮೊದಲೇ ಒಂದು ಮಾತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, ಅಂದರೆ ನಾವೆಲ್ಲ ಪೋಶ್ ಎನ್ನುವ 2013ರ ಕಾಯ್ದೆ, ತನ್ನ 16ನೇ ಕಲಂನಲ್ಲಿ ದೂರಿನ ವಿವರವನ್ನು, ಯಾರ ಗುರುತನ್ನೂ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಗುರುತು ಸಿಗದ ಹಾಗೆ, ದೊರೆತ ನ್ಯಾಯದ ಬಗ್ಗೆ ತಿಳಿಸಲು ಮಾತ್ರ ಅವಕಾಶವಿದೆ. ಇಲ್ಲಿ ವಿಷಯ, ವಿಭಾಗ, ದಿನಗಳ ಲೆಕ್ಕ ಎಲ್ಲವನ್ನೂ ಬದಲಿಸಿದ್ದೇನೆ. ಬೇರೆ ವಿಚಾರಣೆಗಳಲ್ಲಿ ಕಂಡ ಕೆಲವು ವಿವರಗಳನ್ನೂ ಇದರಲ್ಲೇ ಹೆಣೆದಿದ್ದೇನೆ. 'ಸಂತ್ರಸ್ತೆ' ಎಂಬ ಪತ್ರಿಕೆಗಳ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಆಕೆ ಸಮಿತಿಯ ಮುಂದೆ ಬಂದದ್ದು ದೂರು ಕೊಟ್ಟವಳಾಗಿ. ಹಾಗೆಯೇ ಅವನನ್ನು ಆರೋಪಿ ಎಂದೂ ಕರೆಯುವುದಿಲ್ಲ. ಅದು ಪೊಲೀಸ್ ಠಾಣೆಯ ಮಾತು.

ನಡೆದದ್ದು

ದೂರುದಾರೆ ಇಪ್ಪತ್ತೊಂದು ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ಪ್ರತಿವಾದಿ ಅದೇ ವಿಭಾಗದ ಸಂಶೋಧನಾ ವಿದ್ಯಾರ್ಥಿ, ಅವಳಿಗಿಂತ ಏಳು ವರ್ಷ ದೊಡ್ಡವನು. ಪ್ರಾಕ್ಟಿಕಲ್ ತರಗತಿಗಳನ್ನು ನೋಡಿಕೊಳ್ಳುತ್ತಿದ್ದವನು ಅವನೇ. ರೆಕಾರ್ಡ್ ಪುಸ್ತಕಗಳ ಮೊದಲ ತಿದ್ದುವಿಕೆಯೂ ಅವನದೇ. ಒಂದು ಸಂಜೆ ಪರೀಕ್ಷೆಯ ಸಿದ್ಧತೆಗೆಂದು ಲ್ಯಾಬ್‌ನಲ್ಲಿ ಉಳಿದಿದ್ದಾಗ, ಒಳಗಿನ ಉಪಕರಣದ ಕೋಣೆಯಲ್ಲಿ ಅವನು ತನ್ನನ್ನು ಗೋಡೆಗೆ ಒತ್ತಿ ಹಿಡಿದು ಮೈಮೇಲೆ ಕೈ ಹಾಕಿದ ಎಂಬುದು ದೂರು. ಇದಕ್ಕಿಂತ ಹೆಚ್ಚಿನ ವಿವರ ಓದುಗರಿಗೆ ಬೇಕಿಲ್ಲ.

ದೂರು ಬಂದದ್ದು ನಾಲ್ಕು ತಿಂಗಳು ಕಳೆದ ಮೇಲೆ. ಮರುದಿನ ಬೆಳಿಗ್ಗೆ ಅವಳು ಅವನಿಗೆ "ರೆಕಾರ್ಡ್ ಸಹಿಗೆ ಎಷ್ಟೊತ್ತಿಗೆ ಬರಲಿ ಸರ್, ಥ್ಯಾಂಕ್ಸ್" ಎಂದು ನಗುಮುಖದ ಚಿಹ್ನೆ ಹಾಕಿ ಕಳಿಸಿದ ವಾಟ್ಸಾಪ್ ಸಂದೇಶವೂ ಕಡತದಲ್ಲಿತ್ತು. ತಡ, ಸಂದೇಶ, ಕಟ್ಟಿಹಾಕಿದ ಕೈಕಾಲು: ಪ್ರತಿವಾದಿಯ ಉತ್ತರ ನಿಂತದ್ದು ಈ ಮೂರರ ಮೇಲೆ. ಜೊತೆಗೆ, ತಾನು ಆ ಸಂಜೆ 6.45ಕ್ಕೇ ಲ್ಯಾಬ್ ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಹೊರಟಿದ್ದೆ ಎಂದೂ ಬರೆದಿದ್ದ.

ತಡದ ಪ್ರಶ್ನೆಗೆ ನಿಯಮದಲ್ಲೇ ಉತ್ತರವಿದೆ. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ರೂಪಿಸಿದ 2015ರ ನಿಯಮಗಳ ಪ್ರಕಾರ ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ಕಾರಣ ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸಬಹುದು. ನಮ್ಮ ಅಧ್ಯಕ್ಷೆ ಕಾರಣ ಬರೆದರು: ದೂರುದಾರೆಯ ಆಂತರಿಕ ಅಂಕಗಳು ಪ್ರತಿವಾದಿಯ ಕೈಯಲ್ಲಿದ್ದವು, ಸೆಮಿಸ್ಟರ್ ಮುಗಿದ ಹತ್ತನೇ ದಿನ ದೂರು ಬಂದಿದೆ. ಒಂದೇ ವಾಕ್ಯ, ಆದರೆ ಇಡೀ ಕಡತದಲ್ಲಿ ಅತ್ಯಂತ ಯೋಚಿಸಿ ಬರೆದ ವಾಕ್ಯ.

ನಮ್ಮ ಹತ್ತಿರ ಬರುವ ಮೊದಲು ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿದ್ದರು. "ನೋಡಮ್ಮ, ಅವನ ಪಿಎಚ್‌ಡಿ ಮುಗಿಯೋ ಹೊತ್ತು. ಕರೆಸಿ ಕ್ಷಮೆ ಕೇಳಿಸ್ತೀನಿ, ಇಲ್ಲಿಗೇ ಬಿಡು" ಎಂದಿದ್ದರಂತೆ. ರಾಜಿ ಸಂಧಾನಕ್ಕೆ ಕಾಯ್ದೆಯಲ್ಲಿ ಜಾಗವಿದೆ. ಆದರೆ ಅದನ್ನು ಕೇಳಬೇಕಾದವಳು ದೂರುದಾರೆ ಮಾತ್ರ, ಮತ್ತು ಹಣ ಕೊಟ್ಟು ಮುಗಿಸುವ ರಾಜಿ ನಡೆಯುವುದಿಲ್ಲ. ಯುಜಿಸಿ ನಿಯಮ ವಿಭಾಗ ಮುಖ್ಯಸ್ಥರು, ಡೀನ್, ಕುಲಸಚಿವರು ಇಂಥವರನ್ನು ಸಮಿತಿಯಿಂದಲೇ ದೂರ ಇಟ್ಟಿದೆ. ಅಧಿಕಾರ ಇರುವವರ ಬಾಯಲ್ಲಿ ಸಲಹೆ ಕೂಡ ಆಜ್ಞೆಯ ಹಾಗೆ ಕೇಳಿಸುತ್ತದೆ.

ಮೊದಲ ದಿನ ನಾವು ಮಾಡಿದ್ದು

ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಸಮಿತಿಯಲ್ಲಿ ಅಧ್ಯಕ್ಷೆ, ಇಬ್ಬರು ಬೋಧಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಮೂವರು ವಿದ್ಯಾರ್ಥಿ ಪ್ರತಿನಿಧಿಗಳು, ಹೊರಗಿನವರೊಬ್ಬರು ಇರಬೇಕು. ಒಟ್ಟು ಒಂಬತ್ತು ಜನ. ಆ ಒಂಬತ್ತೂ ಜನ ಉದ್ದನೆಯ ಮೇಜಿನ ಒಂದು ಬದಿಗೆ ಸಾಲಾಗಿ ಕೂತೆವು. ಎದುರಿಗೆ ಒಂದು ಕುರ್ಚಿ. ಹೊರಗೆ ಕಾಯಲು ಇದ್ದದ್ದು ಒಂದೇ ಬೆಂಚು, ಅದರ ಒಂದು ತುದಿಯಲ್ಲಿ ಅವಳು ಮುಕ್ಕಾಲು ಗಂಟೆ ಕೂತಿದ್ದಳು. ಅವನನ್ನೂ ಅದೇ ದಿನಕ್ಕೆ ಕರೆಸಿದ್ದೆವು. ಅವನು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

ನಾವು ಕೇಳಿದ ಪ್ರಶ್ನೆಗಳು ಕಡತದಲ್ಲಿವೆ. ಎಷ್ಟು ಗಂಟೆಗೆ? ಅದಕ್ಕೂ ಮೊದಲು ಏನಾಯಿತು? ಅದಕ್ಕೂ ಮೊದಲು? ಬಾಗಿಲು ಹಾಕಿತ್ತೋ ತೆರೆದಿತ್ತೋ? ಏಕೆ ಕೂಗಲಿಲ್ಲ? ಮರುದಿನ ಥ್ಯಾಂಕ್ಸ್ ಎಂದು ಏಕೆ ಕಳಿಸಿದೆ? "ಏಕೆ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ" ಎಂಬ ಪ್ರಶ್ನೆ ನನ್ನದು. ತಿಳಿದುಕೊಳ್ಳಲು ಕೇಳಿದೆ ಎಂದು ಆಗ ನನಗನಿಸಿತ್ತು. ಆದರೆ ಕನ್ನಡದಲ್ಲಿ 'ಏಕೆ' ಎಂದು ಶುರುವಾಗಿ 'ಲಿಲ್ಲ' ಎಂದು ಮುಗಿಯುವ ಯಾವ ಪ್ರಶ್ನೆಯೂ ಬರೀ ಪ್ರಶ್ನೆಯಲ್ಲ. ಏಕೆ ಓದಲಿಲ್ಲ, ಏಕೆ ಬರಲಿಲ್ಲ, ಏಕೆ ಹೇಳಲಿಲ್ಲ: ಹುಟ್ಟಿದಾಗಿನಿಂದ ಅದನ್ನು ಬೈಗುಳವಾಗಿಯೇ ಕೇಳಿರುತ್ತೇವೆ. ಅವಳೂ ಹಾಗೆಯೇ ಕೇಳಿಸಿಕೊಂಡಳು. ಉತ್ತರ ಚಿಕ್ಕದಾಗುತ್ತ ಬಂದು, ಕೊನೆಗೆ ತಲೆಯಾಡಿಸುವುದಷ್ಟೇ ಉಳಿಯಿತು. ದೂರಿನಲ್ಲಿ "ಸುಮಾರು 6.30" ಎಂದು ಬರೆದಿದ್ದವಳು ಎದುರಿಗೆ "ಎಂಟರ ಹತ್ತಿರ ಇರಬೇಕು" ಎಂದಳು. ಒಬ್ಬ ಸದಸ್ಯರು ಹಾಳೆಯ ಅಂಚಿನಲ್ಲಿ 'ವೈರುಧ್ಯ' ಎಂದು ಬರೆದುಕೊಂಡರು.

ನಮಗೆ ಹೊಳೆಯದೆ ಹೋದದ್ದನ್ನು ತೋರಿಸಿಕೊಟ್ಟವಳು ಸಮಿತಿಯ ವಿದ್ಯಾರ್ಥಿ ಪ್ರತಿನಿಧಿ, ಪದವಿ ತರಗತಿಯ ಹುಡುಗಿ. ಎಲ್ಲರೂ ಎದ್ದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ಮೇಡಂ, ಅವಳಿಗೆ ನೀನು ಅಂದ್ರಿ, ಅವನಿಗೆ ನೀವು ಅಂದ್ರಿ. ಯಾಕೆ?" ನಿಜ. ಅವಳು ನಮಗೆ ಮಗಳ ವಯಸ್ಸಿನವಳು, ಪ್ರೀತಿಯಿಂದಲೇ 'ನೀನು' ಬಂದಿತ್ತು. ಅವನು ನಾಳೆ ಸಹೋದ್ಯೋಗಿಯಾಗಬಹುದಾದವನು, 'ನೀವು' ತಾನಾಗಿ ಬಂದಿತ್ತು. ಬೆಂಚಿನ ಎರಡು ತುದಿಯಲ್ಲಿ ಕೂತಿದ್ದ ಇಬ್ಬರಿಗೂ, ಬಾಗಿಲು ತೆರೆದಾಗೆಲ್ಲ, ಆ ಎರಡು ಸರ್ವನಾಮ ಕೇಳಿಸಿರಬೇಕು.

ಅದೇ ರಾತ್ರಿ ನಾನು ಧ್ವನಿಮುದ್ರಣ ಹಾಕಿ ಕೇಳಿದೆ. ಅವಳ ಒಪ್ಪಿಗೆ ಪಡೆದು ಮಾಡಿದ್ದ ಮುದ್ರಣ ಅದು. ಆದರೆ ಕೇಳಿದ್ದು ನಮ್ಮ ಪ್ರಶ್ನೆಗಳ ಧಾಟಿ ಹೇಗಿತ್ತೆಂದು ತಿಳಿಯಲು ಮಾತ್ರ. ಟೈಪಾದ ಹಾಳೆಯ ಜೊತೆ ಇಟ್ಟು ನೋಡುವ ಬುದ್ಧಿ ಬರಲಿಲ್ಲ. ಪ್ರತಿವಾದಿಯ ಆಕ್ಷೇಪಣೆ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆ. 'ಹಾಗಾಯ್ತು' ಎಂಬ ಪದ ಇಂಗ್ಲಿಷ್ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ವೈರುಧ್ಯ ಇದ್ದದ್ದು ಅವಳ ಮಾತಿನಲ್ಲಲ್ಲ, ನಾವು ಸಹಿ ಹಾಕಿದ ಹಾಳೆಯಲ್ಲಿ.

ಮೈ ಮರಗಟ್ಟುವುದು

ಭಯ ವಿಪರೀತಕ್ಕೆ ಹೋದಾಗ ಎಲ್ಲ ಮೈಗಳೂ ಹೋರಾಡುವುದಿಲ್ಲ, ಓಡುವುದಿಲ್ಲ. ಕೆಲವು ಮೈಗಳು ಮರಗಟ್ಟುತ್ತವೆ. ಎಚ್ಚರ ಇರುತ್ತದೆ, ಕಣ್ಣು ಕಾಣುತ್ತಿರುತ್ತದೆ, ಕೈ ಎತ್ತಲಾಗುವುದಿಲ್ಲ, ದನಿ ಹೊರಡುವುದಿಲ್ಲ. ವೈದ್ಯರು ಇದನ್ನು ಟಾನಿಕ್ ಇಮೊಬಿಲಿಟಿ ಎನ್ನುತ್ತಾರೆ. ಇಚ್ಛೆಯ ಹತೋಟಿಗೆ ಬಾರದ ದೇಹದ ಪ್ರತಿಕ್ರಿಯೆ ಇದು. ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರಕ್ಕೊಳಗಾಗಿ ಒಂದು ತಿಂಗಳೊಳಗೆ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 70ರಷ್ಟು ಮಂದಿ ಗಣನೀಯ ಮಟ್ಟದಲ್ಲಿ, ಶೇ. 48ರಷ್ಟು ಮಂದಿ ತೀವ್ರ ಮಟ್ಟದಲ್ಲಿ ಹೀಗೆ ಮರಗಟ್ಟಿದ್ದನ್ನು ಹೇಳಿಕೊಂಡಿದ್ದರು. "ಕೈಕಾಲು ಕಟ್ಟಿ ಹಾಕಿದ ಹಾಗಾಯ್ತು, ಬಾಯೇ ಬರಲಿಲ್ಲ" ಎಂಬುದಕ್ಕಿಂತ ಕರಾರುವಾಕ್ಕಾಗಿ ಇದನ್ನು ಹೇಗೆ ಹೇಳುವುದು ನನಗೆ ಗೊತ್ತಿಲ್ಲ.

ಕೂಗದಿದ್ದುದನ್ನು ಒಪ್ಪಿಗೆ ಎಂದು ಓದಿದ ಚರಿತ್ರೆ ನಮ್ಮ ದೇಶದಲ್ಲೇ ಇದೆ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಪ್ರತಿರೋಧದ ಕುರುಹಿಲ್ಲ ಎಂದು ಸುಪ್ರೀಂ ಕೋರ್ಟ್ ಕಾನ್‌ಸ್ಟೇಬಲ್‌ಗಳನ್ನು ಬಿಡುಗಡೆ ಮಾಡಿತು. ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಬರೆದ ಬಹಿರಂಗ ಪತ್ರ, ಊರೂರಲ್ಲಿ ನಡೆದ ಪ್ರತಿಭಟನೆಗಳ ನಂತರ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಇವತ್ತಿನ ಪೋಶ್ ಕಾಯ್ದೆ ಕೇಳುವುದು ನಡವಳಿಕೆ ಅನಪೇಕ್ಷಿತವಾಗಿತ್ತೇ ಎಂದು. ಎದುರಿಸಿ ನಿಂತಳೇ ಎಂದು ಅದು ಕೇಳುವುದೇ ಇಲ್ಲ. ನಾವು ಮೊದಲ ದಿನ ಕೇಳಿದ್ದು ಕಾಯ್ದೆಯಲ್ಲಿಲ್ಲದ ಪ್ರಶ್ನೆ.

ಇದಕ್ಕೊಂದು ಇನ್ನೊಂದು ಮಗ್ಗುಲಿದೆ. ಆಘಾತದ ಬಗ್ಗೆ ಒಂದು ದಿನದ ತರಬೇತಿ ಪಡೆದು ಬಂದವರು ಕೆಲವೊಮ್ಮೆ ಎದುರು ದಿಕ್ಕಿಗೆ ವಾಲುವುದನ್ನು ಕಂಡಿದ್ದೇನೆ. ತಡವರಿಸಿದಳು, ಆದ್ದರಿಂದ ನಿಜ. ನೆನಪಿಲ್ಲ ಎಂದಳು, ಆದ್ದರಿಂದ ನಿಜ. ಹಾಗೆ ಹೇಳಲು ಬರುವುದಿಲ್ಲ. ಮೈ ಮರಗಟ್ಟುತ್ತದೆ ಎಂಬ ತಿಳುವಳಿಕೆ, ಕೂಗದಿರುವುದು ಸುಳ್ಳಿನ ಗುರುತಲ್ಲ ಎನ್ನುತ್ತದೆ. ಅಷ್ಟಕ್ಕೆ ನಿಲ್ಲುತ್ತದೆ. ನಡೆಯಿತೇ ಇಲ್ಲವೇ ಎಂಬುದನ್ನು ಸಾಕ್ಷ್ಯವೇ ಹೇಳಬೇಕು. ಇಂಥ ವಿಚಾರಣೆಯ ಅಳತೆಗೋಲು ಯಾವುದು ಹೆಚ್ಚು ಸಂಭವನೀಯ ಎಂಬುದು. ಕ್ರಿಮಿನಲ್ ನ್ಯಾಯಾಲಯದ ಹಾಗೆ ಸಂಶಯಾತೀತ ರುಜುವಾತು ಬೇಕಿಲ್ಲ. ಆದರೂ ಅಳತೆ ಅಳತೆಯೇ.

ಎರಡನೇ ಸಲ

ಅವಳನ್ನು ಮತ್ತೆ ಕರೆಸಬೇಕೇ ಎಂದು ಬಹಳ ಹೊತ್ತು ಚರ್ಚೆಯಾಯಿತು. ಅದಾಗಲೇ ಗೆಳತಿಗೆ, ವಿಭಾಗ ಮುಖ್ಯಸ್ಥರಿಗೆ, ಪ್ರಾಂಶುಪಾಲರಿಗೆ, ಕಾಗದದ ಮೇಲೆ, ನಮ್ಮ ಮುಂದೆ ಎಂದು ಐದು ಸಲ ಹೇಳಿಕೊಂಡಿದ್ದಳು. ಆರನೇ ಸಲ ಕೇಳಬೇಕಾದರೆ ಕಾರಣವನ್ನು ಅವಳಿಗೇ ಹೇಳಬೇಕೆಂದು ತೀರ್ಮಾನಿಸಿದೆವು. ಅಧ್ಯಕ್ಷೆ ಫೋನ್ ಮಾಡಿ ನೇರವಾಗಿ ಹೇಳಿದರು: "ಮೊದಲ ಸಲ ನಾವು ಸರಿಯಾಗಿ ಕೇಳಲಿಲ್ಲ. ನಿಮ್ಮ ಮಾತನ್ನು ತಪ್ಪಾಗಿ ಬರೆದುಕೊಂಡಿದ್ದೇವೆ. ತಿದ್ದಬೇಕು. ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು." ಸಮಿತಿಯೊಂದು ತನ್ನ ತಪ್ಪನ್ನು ದೂರುದಾರೆಗೆ ಹೀಗೆ ಒಪ್ಪಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ಎರಡು ದಿನ ಬಿಟ್ಟು ಅವಳು ಬರುತ್ತೇನೆ ಎಂದಳು, ಗೆಳತಿಯನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಳ್ಳಬಹುದಾದರೆ.

ಈ ಸಲ ಪ್ರತಿವಾದಿಗೆ ಬೇರೆ ದಿನ ಕೊಟ್ಟೆವು. ವಿಚಾರಣೆ ನಡೆಸಲು ಅಧ್ಯಕ್ಷೆಯೂ ಸೇರಿ ಕನಿಷ್ಠ ಮೂವರು ಸದಸ್ಯರಿದ್ದರೆ ಸಾಕು ಎಂದು ಪೋಶ್ ನಿಯಮಾವಳಿ ಹೇಳುತ್ತದೆ. ಮೂವರೇ ಕೂತೆವು, ಉಳಿದವರು ಆಮೇಲೆ ಧ್ವನಿಮುದ್ರಣ ಕೇಳುವುದೆಂದಾಯಿತು. ಸಣ್ಣ ಕೋಣೆ, ಮೇಜಿನ ಮೂಲೆಗೆ ಕುರ್ಚಿಗಳು, ಬಾಗಿಲ ಹತ್ತಿರದ ಕುರ್ಚಿ ಅವಳಿಗೆ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಬೇಡವಾದ ಪ್ರಶ್ನೆಗೆ ಬೇಡ ಎನ್ನಬಹುದು, ಗೊತ್ತಿಲ್ಲ ಎಂಬುದೂ ಉತ್ತರವೇ ಎಂದು ಮೊದಲೇ ಹೇಳಿದೆವು. ಪೊಲೀಸರಿಗೆ ದೂರು ಕೊಡುವ ಹಕ್ಕು ಹಾಗೆಯೇ ಇದೆ, ಕೊಡುವುದಾದರೆ ಕಾಲೇಜು ನೆರವಾಗಬೇಕು ಎಂಬುದನ್ನು ಮತ್ತೊಮ್ಮೆ ತಿಳಿಸಿದೆವು. ಬೇಡ ಎಂದಳು. ಹದಿನೆಂಟು ತುಂಬದವಳಾಗಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ ನಾವೇ ಪೊಲೀಸರಿಗೆ ತಿಳಿಸಬೇಕಾಗುತ್ತಿತ್ತು. ಇಲ್ಲಿ ನಿರ್ಧಾರ ಅವಳದು.

ಕೇಳಿದ ಮೊದಲ ಪ್ರಶ್ನೆ ಒಂದೇ: "ಆ ಸಂಜೆಯ ಬಗ್ಗೆ ನಿಮಗೆ ಎಲ್ಲಿಂದ ಹೇಳಬೇಕು ಅನಿಸುತ್ತದೋ ಅಲ್ಲಿಂದ ಹೇಳಿ. ನಡುವೆ ನಾವು ಮಾತಾಡುವುದಿಲ್ಲ." ಆಮೇಲೆ ನಿಜವಾಗಿಯೂ ಬಾಯಿ ಮುಚ್ಚಿ ಕೂತೆವು. ನನಗೆ ಅದು ಕಷ್ಟವಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫಿಶರ್ ಮತ್ತು ಗೈಸೆಲ್‌ಮನ್ 1980ರ ದಶಕದಲ್ಲಿ ರೂಪಿಸಿದ ಸಂದರ್ಶನ ಕ್ರಮದ ಜೀವಾಳ ಇದು: ನೆನಪಿನ ದಾರಿಯಲ್ಲಿ ಹೇಳುವವರು ಮುಂದೆ, ಕೇಳುವವರು ಹಿಂದೆ. ಗಡಿಯಾರದ ಕ್ರಮ ಕೇಳಬೇಡಿ, ಕಂಡದ್ದು, ಕೇಳಿಸಿದ್ದು, ಮೂಗಿಗೆ ಬಡಿದದ್ದು ಕೇಳಿ. ಆಘಾತದ ಹೊತ್ತಿನಲ್ಲಿ ಗಮನವೆಲ್ಲ ಕೆಲವೇ ಸಂಗತಿಗಳ ಮೇಲೆ ನೆಟ್ಟಿರುತ್ತದೆ. ಅವು ಅಚ್ಚೊತ್ತಿದಂತೆ ಉಳಿಯುತ್ತವೆ, ಎಷ್ಟು ಗಂಟೆ ಎಂಬಂಥವು ಜಾರಿಹೋಗುತ್ತವೆ.

ಹದಿನೈದು ನಿಮಿಷ ಅವಳು ಹೇಳಿದಳು. ನಡುವೆ ಎರಡು ಸಲ ನಿಂತಳು, ನಾವು ಕಾದೆವು. ಮುಗಿದ ಮೇಲೆ ಅಧ್ಯಕ್ಷೆ ಕೇಳಿದ್ದು, "ಆಗ ನಿಮ್ಮ ಕಿವಿಗೆ ಏನು ಬೀಳುತ್ತಿತ್ತು?"

"ಯುಪಿಎಸ್ಸು," ಎಂದಳು ತಕ್ಷಣ. "ಕರೆಂಟ್ ಹೋಗಿತ್ತಲ್ಲ, ಲ್ಯಾಬಲ್ಲಿ ಯುಪಿಎಸ್ಸು ಬೀಪ್ ಬೀಪ್ ಅಂತಾನೇ ಇತ್ತು. ಯಾರಾದ್ರೂ ಬಂದು ಅದನ್ನ ಆಫ್ ಮಾಡಬಾರದಾ ಅಂತ ಅಷ್ಟೇ ಅನಿಸ್ತಿತ್ತು. ಅವನ ಫೋನಿನ ಟಾರ್ಚು ಗೋಡೆ ಮೇಲೆ ಬಿದ್ದಿತ್ತು."

ಕರೆಂಟ್ ಹೋಗಿದ್ದು ಅದುವರೆಗೆ ಯಾವ ಕಾಗದದಲ್ಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಕಾಲೇಜಿನ ವಿದ್ಯುತ್ ವಿಭಾಗದ ಜನರೇಟರ್ ಲಾಗ್ ಪುಸ್ತಕ ತರಿಸಿದೆವು. ಆ ದಿನ ಸಂಜೆ ಒಂದೇ ಸಲ ವಿದ್ಯುತ್ ಹೋಗಿತ್ತು: 7.20ರಿಂದ 7.45ರವರೆಗೆ. 6.30 ಅಲ್ಲ, ಎಂಟೂ ಅಲ್ಲ.

ಮರುದಿನದ ಸಂದೇಶದ ಬಗ್ಗೆ 'ಏಕೆ' ಬಿಟ್ಟು ಕೇಳಿದೆವು: "ಆ ಮೆಸೇಜ್ ಕಳಿಸುವಾಗ ಏನು ಯೋಚನೆ ಇತ್ತು?" ರೆಕಾರ್ಡ್ ಪುಸ್ತಕ ಅವನ ಹತ್ತಿರ ಇತ್ತು, ಏನೂ ಆಗಿಲ್ಲ ಎನ್ನುವ ಹಾಗೆ ಇದ್ದರೆ ಅದು ವಾಪಸ್ ಸಿಗುತ್ತದೆ ಅನಿಸಿತು ಎಂದಳು. ಸಂದೇಶಗಳನ್ನು ಹಿಂದಕ್ಕೆ ಓದಿಕೊಂಡು ಹೋದರೆ, ಆ ಹಿಂದಿನ ಮೂರು ತಿಂಗಳು ಅವಳು ಅವನಿಗೆ ಕಳಿಸಿದ ಪ್ರತಿಯೊಂದೂ "ಸರ್, ಥ್ಯಾಂಕ್ಸ್" ಎಂದೇ ಮುಗಿಯುತ್ತಿತ್ತು.

ಹೇಳಿಕೆಯನ್ನು ಈ ಸಲ ಕನ್ನಡದಲ್ಲೇ, ಅವಳ ಮಾತಲ್ಲೇ ಬರೆದು ಓದಿ ಹೇಳಿದೆವು. ಅವಳು ಒಂದು ಕಡೆ ತಡೆದಳು. "ದೌರ್ಜನ್ಯ ಎಸಗಿದ ಅಂತ ನಾನು ಹೇಳಿಲ್ಲ. ಹಿಡ್ಕೊಂಡ ಅಂದೆ." ತಿದ್ದಿದೆವು.

ಅವನ ಸರದಿ

ಅವನಿಗೂ ಅದೇ ಕೋಣೆ, ಅದೇ ಮೂವರು, ಬಾಗಿಲ ಹತ್ತಿರದ ಅದೇ ಕುರ್ಚಿ, ಅದೇ ಮೊದಲ ಪ್ರಶ್ನೆ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಅನುಕಂಪದ ವಿಚಾರಣೆ ಎಂದರೆ ಒಂದು ಪಕ್ಷಕ್ಕೆ ಒಲಿಯುವುದು ಎಂಬ ಅನುಮಾನ ಬಹಳ ಜನರಲ್ಲಿದೆ. ದೂರಿನ ಪ್ರತಿ ಅವನಿಗೆ ಏಳು ದಿನದೊಳಗೆ ತಲುಪಿತ್ತು, ಉತ್ತರಕ್ಕೆ ಹತ್ತು ದಿನ ಸಿಕ್ಕಿತ್ತು. ಅವಳ ತಿದ್ದಿದ ಹೇಳಿಕೆಯನ್ನೂ, ಮೊದಲ ದಾಖಲೆ ತಪ್ಪಾಗಿತ್ತು ಎಂಬ ನಮ್ಮ ಟಿಪ್ಪಣಿಯನ್ನೂ ಆಮೇಲೆ ಕೊಟ್ಟೆವು. ಕಾಲೇಜಿನ ಆಪ್ತಸಮಾಲೋಚಕರನ್ನು ಅವನೂ ಕಾಣಬಹುದು ಎಂದು ಹೇಳಿದ್ದೆವು; ಕಂಡಿದ್ದ ಕೂಡ.

ಮೊದಲು ಅವನೇ ಮಾತಾಡಲಿ ಎಂದು ಬಿಟ್ಟೆವು. ಲಾಗ್ ಪುಸ್ತಕದ ಸುದ್ದಿ ಎತ್ತಲಿಲ್ಲ. ಬರೆದುಕೊಟ್ಟ ಉತ್ತರದ ಬಿಗಿ ಭಾಷೆ ಹತ್ತು ನಿಮಿಷದಲ್ಲಿ ಸಡಿಲವಾಯಿತು. "ಕರೆಂಟ್ ಹೋದಾಗ ನಾನೇ ಮೇಡಂ ಟಾರ್ಚ್ ಹಾಕಿದ್ದು," ಎಂದ. ಸ್ವಲ್ಪ ತಡೆದು, "ಅವಳು ಬೇಡ ಅನ್ನಲೇ ಇಲ್ಲ. ಅಲುಗಾಡದೆ ನಿಂತಿದ್ದಳು. ಇಷ್ಟ ಇದೆ ಅಂದ್ಕೊಂಡೆ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವಳ "ಬಾಯೇ ಬರಲಿಲ್ಲ" ಎಂಬ ಮಾತನ್ನೇ ಅವನು ಇನ್ನೊಂದು ಬದಿಯಿಂದ ಹೇಳಿದ್ದ. ಅವನನ್ನು ಗದರಿಸಿ ಕೇಳಿದ್ದರೆ 6.45ರ ರಿಜಿಸ್ಟರ್ ಸಹಿಗೇ ಅಂಟಿಕೊಂಡಿರುತ್ತಿದ್ದ ಎಂದೇ ನನ್ನ ನಂಬಿಕೆ.

ಅವಳನ್ನು ತಾನು ನೇರವಾಗಿ ಪ್ರಶ್ನಿಸಬೇಕು ಎಂದು ಅವನು ಕೇಳಿಕೊಂಡಿದ್ದ. ಪ್ರಶ್ನೆಗಳನ್ನು ಬರೆದುಕೊಡಲು ಹೇಳಿದೆವು. ಸಂಬಂಧಪಟ್ಟವನ್ನು ಅಧ್ಯಕ್ಷೆ ಅವಳಿಗೆ ಕೇಳಿ ಉತ್ತರ ದಾಖಲಿಸಿದರು. ಇದು ನಾವು ಕಂಡುಹಿಡಿದ ದಾರಿಯಲ್ಲ. ರಾಂಚಿಯ ವೈದ್ಯಕೀಯ ಕಾಲೇಜೊಂದರ ಹುಡುಗಿಯರ ಹಾಸ್ಟೆಲಿಗೆ ನುಗ್ಗಿದ ವಿದ್ಯಾರ್ಥಿಗಳ ಪ್ರಕರಣದಲ್ಲಿ, ಹುಡುಗರ ಎದುರಿಗೆ ಹುಡುಗಿಯರ ಹೇಳಿಕೆ ಪಡೆಯದಿದ್ದುದು ಸಹಜ ನ್ಯಾಯಕ್ಕೆ ವಿರುದ್ಧವಲ್ಲ ಎಂದು 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಶ್ನಿಸುವ ಹಕ್ಕನ್ನು ಕಾಪಾಡಲು ಇಬ್ಬರನ್ನೂ ಮುಖಾಮುಖಿ ಕೂರಿಸಲೇಬೇಕಿಲ್ಲ.

ವರದಿ, ಮತ್ತು ಅದರಾಚೆ

ತೊಂಬತ್ತು ದಿನದ ಗಡುವಿನೊಳಗೆ ವಿಚಾರಣೆ ಮುಗಿಯಿತು. ನಡುವೆ ಮಧ್ಯಂತರ ಕ್ರಮವಾಗಿ ಅವನು ಅವಳ ಯಾವ ಪರೀಕ್ಷೆ, ರೆಕಾರ್ಡ್, ಅಂಕಗಳನ್ನೂ ಮುಟ್ಟದಂತೆ ಆದೇಶವಾಗಿತ್ತು. ಯುಜಿಸಿ ನಿಯಮದಲ್ಲಿ ಇದಕ್ಕೆ ಸ್ಪಷ್ಟ ಅವಕಾಶವಿದೆ, ಕೇಳುವ ಸಮಿತಿಗಳು ಕಡಿಮೆ. ಲ್ಯಾಬ್ ಬದಲಿಸಬೇಕಾದವಳು ಅವಳೇ ಎಂದು ಕಚೇರಿಯವರು ಸೂಚಿಸಿದ್ದರು. ಬದಲಿಸಬೇಕಾದರೆ ಅವನ ಸಮಯ ಬದಲಿಸಿ ಎಂದು ನಾವು ಪಟ್ಟು ಹಿಡಿದೆವು.

ದೂರು ಸಾಬೀತಾಗಿದೆ ಎಂಬುದು ಒಮ್ಮತದ ತೀರ್ಮಾನ. ಶಿಕ್ಷೆಯಲ್ಲಿ ಒಮ್ಮತವಿರಲಿಲ್ಲ. ಎರಡು ಸೆಮಿಸ್ಟರ್ ಕ್ಯಾಂಪಸ್ ಪ್ರವೇಶ ನಿರ್ಬಂಧ, ಕಡ್ಡಾಯ ಸಮಾಲೋಚನೆ, ಮುಂದೆ ಬೋಧನಾ ಸಹಾಯದ ಕೆಲಸ ಕೊಡದಿರುವುದು ಎಂದು ಬಹುಮತ ಶಿಫಾರಸು ಮಾಡಿತು; ಹೊರಹಾಕಬೇಕೆಂದು ಇಬ್ಬರು ಭಿನ್ನಾಭಿಪ್ರಾಯ ಬರೆದರು. ನಾನು ಬಹುಮತದಲ್ಲಿದ್ದೆ. ಅದು ಸರಿಯಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಆಡಳಿತ ಮೂವತ್ತು ದಿನದೊಳಗೆ ಆದೇಶ ಹೊರಡಿಸಿತು. ಅವನು ಮೇಲ್ಮನವಿ ಸಲ್ಲಿಸಿದ, ಅದು ವಜಾ ಆಯಿತು.

ವರದಿಯ ಪ್ರತಿ ಪಡೆಯಲು ಬಂದಾಗ ಅವಳು ಕೊನೆಯ ಪುಟಕ್ಕೆ ಹೋಗಲಿಲ್ಲ. ತನ್ನ ಹೇಳಿಕೆ ಇರುವ ಪುಟ ತೆರೆದು 'ಹಾಗಾಯ್ತು' ಎಂಬಲ್ಲಿ ಬೆರಳಿಟ್ಟು ಓದಿಕೊಂಡಳು. ಆಮೇಲೆ ಕೇಳಿದಳು: "ಅವನು ವಾಪಸ್ ಬರೋ ಹೊತ್ತಿಗೆ ನಂದು ಮುಗಿದಿರುತ್ತೆ ಮೇಡಂ. ನನ್ನ ಪರವಾಗಿ ಸಾಕ್ಷಿ ಹೇಳಿದ ನನ್ನ ಫ್ರೆಂಡು ಇಲ್ಲೇ ಪಿಎಚ್‌ಡಿಗೆ ಸೇರ್ತಾಳೆ. ಅದೇ ಲ್ಯಾಬು. ಅವಳಿಗೆ ಏನು ಮಾಡ್ತೀರಿ?"

ನಮ್ಮ ವರದಿಯಲ್ಲಿ ಸಾಕ್ಷಿಯ ರಕ್ಷಣೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಧ್ಯಕ್ಷೆ ಅಲ್ಲೇ ಒಂದು ಬಿಳಿ ಹಾಳೆ ತೆಗೆದುಕೊಂಡು ಪ್ರಾಂಶುಪಾಲರಿಗೆ ಪತ್ರ ಬರೆಯಲು ಕೂತರು. ಅವಳು ಎದುರಿನ ಕುರ್ಚಿ ಎಳೆದುಕೊಂಡು, ಲ್ಯಾಬ್ ಯಾವ ಯಾವ ದಿನ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಹೇಳತೊಡಗಿದಳು.